ಮೆಟ್ಟಿಲಿಂದ ಬಿದ್ದ ನೂರಾ ಹನ್ನೆರಡು ಜನ

ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಶಾಲೆಯಲ್ಲಿ ಮೇಷ್ಟ್ರು ಹೊಗಳಿದ್ದೇ ಹೊಗಳಿದ್ದು. ಆ ಅಕ್ಷರದಲ್ಲೇ ನಾನು ಎರಡು ವರ್ಷದೊಳಗೆ ನೂರಾ ಹನ್ನೆರಡು ಜನರನ್ನು ಮೆಟ್ಟಿಲಿಂದ ಕೆಳಕ್ಕೆ ಬೀಳಿಸಿದೆ. ತಮಾಷೆ ಏನೆಂದರೆ ನಮ್ಮ ಗಲ್ಲಿಯಲ್ಲಿ ಮೆಟ್ಟಿಲೇ ಇರಲಿಲ್ಲ. ಮುನ್ನೂರು ಮನೆ, ಮುನ್ನೂರಕ್ಕೂ ತಗಡಿನ ಸೂರು. ಬೆಕ್ಕು ಓಡಾಡಿದರೇ ಒಳಗೆ ಮಲಗಿದವರಿಗೆ ಎಚ್ಚರವಾಗುತ್ತದೆ, ಇನ್ನು ಅದರ ಮೇಲೆ ಮಹಡಿ ಎಬ್ಬಿಸುವ ಗಂಡೆದೆ ಯಾರಿಗಿದೆ?

ನಾನು ಕೂರುತ್ತಿದ್ದದ್ದು ಗಲ್ಲಿಯ ತುದಿಯ ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ, ಚೀಟಿ ಬರೆಯುವ ಮೇಜಿನ ಹಿಂದೆ. ಕುರ್ಚಿಯ ಒಂದು ಕಾಲಿನಡಿ ಮಾತ್ರೆ ಡಬ್ಬಿಯ ರಟ್ಟು ಮಡಚಿ ಇಟ್ಟಿದ್ದೆ. ಅದು ಜಾರಿದ ದಿನ ನನ್ನ ಮುತ್ತುಗಳೂ ಓರೆಯಾಗುತ್ತಿದ್ದವು. ಕಿಟಕಿಯಲ್ಲಿ ಮುಖ ತೂರಿಸಿದವರ ಹೆಸರು, ವಯಸ್ಸು, ಎಲ್ಲಿ ಪೆಟ್ಟು, ಹೇಗಾಯಿತು, ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದು ಚೀಟಿ ಹರಿದು ಕೊಡುವುದು ನನ್ನ ಕೆಲಸ. ಹೇಗಾಯಿತು ಎನ್ನುವ ಕಡೆ ಐದು ಪದಗಳನ್ನು ಮೇಲಿನವರೇ ಅಚ್ಚು ಹಾಕಿಸಿ ಕಳಿಸಿದ್ದರು: ರಸ್ತೆ, ಮೆಟ್ಟಿಲು, ಮರ, ನಾಯಿ, ಇತರೆ. ಒಂದಕ್ಕೆ ಸುತ್ತು ಹಾಕಬೇಕು. ರಸ್ತೆಗೆ ಹಾಕಿದರೆ ಪೊಲೀಸ್ ಠಾಣೆಗೆ ಫೋನು, ಅವರು ಬಂದು ಹೇಳಿಕೆ ಬರೆದುಕೊಳ್ಳುವ ತನಕ ಗಾಯದವನು ಬೆಂಚಿನ ಮೇಲೆ ಕಾಯಬೇಕು, ಆಮೇಲೆ ವಾರಗಟ್ಟಲೆ ಠಾಣೆಗೆ ಅಲೆಯಬೇಕು. ನಾಯಿಗೆ ಹಾಕಿದರೆ ಐದು ಇಂಜೆಕ್ಷನ್. ಮರಕ್ಕೆ ಹಾಕಿದರೆ ಯಾವ ಮರ, ಎಷ್ಟು ಎತ್ತರ ಎಂದು ಹಿಂದಿನ ಪುಟ ತುಂಬಬೇಕು. ಇತರೆಗೆ ಮೂರು ಸಾಲಿನ ವಿವರಣೆ. ಮೆಟ್ಟಿಲಿಗೆ ಮಾತ್ರ ಏನೂ ಬೇಡ. ಸುತ್ತು ಹಾಕು, ಚೀಟಿ ಹರಿ, ಒಳಗೆ ಕಳಿಸು. ಆ ಕಾಲಮ್ಮಿನಲ್ಲಿ ಬಡವರ ಮೇಲೆ ಕರುಣೆ ಇದ್ದದ್ದು ಅದೊಂದು ಪದಕ್ಕೇ.

ಮೊದಲ ಸುತ್ತು ಹಾಕಿದ್ದು ನನ್ನ ತಮ್ಮನಿಗೆ. ನಾನು ಕೆಲಸಕ್ಕೆ ಸೇರಿ ನಾಲ್ಕನೇ ದಿನ. ಅವನನ್ನು ನಾಲ್ಕು ಹುಡುಗರು ಹೊತ್ತು ತಂದರು. ಬಲಗಾಲು ಎರಡು ಕಡೆ ಮುರಿದು ಜೋತಾಡುತ್ತಿತ್ತು. ಠಾಣೆಗೆ ಫೋನು ಮಾಡಿ ಇವನನ್ನು ಬೆಂಚಿನ ಮೇಲೆ ಕಾಯಿಸಲೇ? ಪೆನ್ನು ತಾನಾಗಿ ಪಕ್ಕದ ಪದಕ್ಕೆ ಹೋಯಿತು. ಹತ್ತು ನಿಮಿಷದಲ್ಲಿ ಅವನಿಗೆ ಪಟ್ಟಿ ಕಟ್ಟಿದ್ದರು. ಸಂಜೆಯ ಹೊತ್ತಿಗೆ ಗಲ್ಲಿಗೆಲ್ಲ ಸುದ್ದಿ: ‘ಮೆಟ್ಟಿಲು ಅಂದ್ರೆ ಬೇಗ ನೋಡ್ತಾರಂತೆ.’ ಅಂದಿನಿಂದ ರಕ್ತ ಸುರಿಸಿಕೊಂಡು ಬಂದವರು ಹೆಸರು ಹೇಳುವ ಮೊದಲೇ ‘ಅಕ್ಕಾ, ಮೆಟ್ಟಿಲು’ ಎನ್ನತೊಡಗಿದರು.

ನಿಜವಾಗಿ ಬೀಳುತ್ತಿದ್ದದ್ದು ರಸ್ತೆಯಲ್ಲಿ. ನಮ್ಮ ಗಲ್ಲಿಗೂ ಮಕ್ಕಳ ಹೈಸ್ಕೂಲಿಗೂ ನಡುವೆ ಆರು ಸಾಲಿನ ರಸ್ತೆ ಬಿದ್ದುಕೊಂಡಿದೆ. ಒಂದೂವರೆ ಕಿಲೋಮೀಟರ್ ಆಚೆ, ದೊಡ್ಡ ಗೇಟಿನ ಬಡಾವಣೆ ಮುಂದೆ, ಇದೇ ರಸ್ತೆಗೆ ಉಬ್ಬು, ಬಿಳಿ ಪಟ್ಟೆ, ಸಿಗ್ನಲ್, ಸಾಲು ದೀಪ, ಎರಡೂ ಕಡೆ ಕಾಲುದಾರಿ. ಅಲ್ಲಿನ ನಾಯಿಗಳು ಕೂಡ ಹಸಿರು ದೀಪ ನೋಡಿಕೊಂಡೇ ದಾಟುತ್ತವೆ, ನಾನೇ ಕಣ್ಣಾರೆ ನೋಡಿದ್ದೇನೆ. ಅಲ್ಲಿ ಬಾಲ ಮುದುರಿಕೊಂಡಿದ್ದ ಲಾರಿಗಳು ನಮ್ಮ ಗಲ್ಲಿ ಮುಂದೆ ಬಂದ ಕೂಡಲೇ ಬಾಲ ಬಿಚ್ಚುತ್ತವೆ. ಇಲ್ಲಿ ದೀಪವಿಲ್ಲ, ಪಟ್ಟೆಯಿಲ್ಲ, ಕೇಳುವವರಿಲ್ಲ.

ಮಕ್ಕಳು ತಮ್ಮದೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ಎಂಟೆಂಟು ಜನ ಕೈ ಕೈ ಹಿಡಿದು ಅಂಚಿನಲ್ಲಿ ನಿಲ್ಲುವುದು. ಒಬ್ಬರು ನಡುವಿನ ಡಿವೈಡರ್ ಹತ್ತಿ ಎರಡೂ ಕಡೆ ಕಣ್ಣಿಡುವುದು. ಸಂದಿ ಸಿಕ್ಕಿದ ಕ್ಷಣ ಅಲ್ಲಿಂದ ‘ಈಗ!’ ಎಂಬ ಕೂಗು, ಎಂಟೂ ಜನ ಒಂದೇ ಓಟ. ಹೀಗೆ ನಾಲ್ಕೈದು ಗುಂಪು. ಕೂಗುವವರೆಂದರೆ ಗಲ್ಲಿಯ ಮಕ್ಕಳಿಗೆ ಮಂತ್ರಿಗಿಂತ ಮೇಲು. ಅವರ ಚೀಲವನ್ನು ಬೇರೆಯವರು ಹೊರುತ್ತಾರೆ, ಅವರಿಗೆ ತರಗತಿಯಲ್ಲಿ ಕಿಟಕಿ ಪಕ್ಕ ಸೀಟು. ಎಲ್ಲರೂ ದಾಟಿದ ಮೇಲೆ ಕೊನೆಗೆ ಅವರೊಬ್ಬರೇ ದಾಟಬೇಕು. ಅವರಿಗೋಸ್ಕರ ಕೂಗಲು ಡಿವೈಡರ್ ಮೇಲೆ ಯಾರೂ ಉಳಿದಿರುವುದಿಲ್ಲ. ನನ್ನ ತಮ್ಮ ಕೂಗುವವನಾಗಿದ್ದ.

ಅವನ ಕಾಲು ಕೂಡಿಕೊಂಡಿತು, ಸ್ವಲ್ಪ ಓರೆಯಾಗಿ. ಈಗ ಪಂಕ್ಚರ್ ಅಂಗಡಿಯಲ್ಲಿ ಕೂತು ಟ್ಯೂಬು ತಿಕ್ಕುತ್ತಾನೆ.

ವಾರಕ್ಕೆ ಎರಡು ಸಲ ಬರುವ ಡಾಕ್ಟರಮ್ಮನಿಗೆ ಮೂಳೆ ಮಾತ್ರ ಕಾಣುತ್ತಿತ್ತು, ಗಲ್ಲಿ ಕಾಣುತ್ತಿರಲಿಲ್ಲ. ಒಮ್ಮೆ ಮಾತ್ರ ಕನ್ನಡಕ ಮೇಲೇರಿಸಿ ಕೇಳಿದ್ದರು: “ನಿಮ್ಮೋರು ಮೆಟ್ಟಿಲು ಕಂಡ್ರೆ ಕಣ್ಮುಚ್ಕೊಂಡು ಹತ್ತುತಾರೇನಮ್ಮಾ? ಅದೂ ಬರೀ ಹುಡುಗ್ರೇ ಬೀಳ್ತಾರಲ್ಲ!” ನಾನು ಹಲ್ಲು ಕಿರಿದೆ. ನೂರಾ ಹನ್ನೆರಡರಲ್ಲಿ ತೊಂಬತ್ತೈದು ಜನ ಇಪ್ಪತ್ತೈದು ದಾಟದವರು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ನಡುವೆ ನನ್ನ ತಂಗಿಗೆ ಹದಿಮೂರು ತುಂಬಿತು.

ಅವಳನ್ನು ನಾವು ಕರೆಯುವುದೇ ಚಿನಕುರುಳಿ ಎಂದು. ಸ್ನಾನದ ಮನೆಯಿಂದ ‘ಸೋಪು!’ ಎಂದು ಕೂಗಿದರೆ ಮೂರನೇ ಮನೆಯವರು ಸೋಪು ತಂದುಕೊಟ್ಟದ್ದಿದೆ. ಹೈಸ್ಕೂಲಿಗೆ ಸೇರಿದ ಮೊದಲ ವಾರವೇ ಒಂದು ಮಂಗಳವಾರ ಚೀಲವನ್ನು ಬಾಗಿಲಲ್ಲೇ ಎಸೆದು ಒಂಟಿಕಾಲಲ್ಲಿ ಕುಣಿದಳು. “ಅಕ್ಕಾ, ನಾನೇ ಕೂಗೋಳು! ಎಲ್ರೂ ನಂಗೇ ಕೈ ಎತ್ತಿದ್ರು! ಗುರುವಾರದಿಂದ ನಾನೇ!”

ತಮ್ಮ ತಲೆ ಎತ್ತಲಿಲ್ಲ, ಕಾಲು ಮಾತ್ರ ಒಳಗೆ ಎಳೆದುಕೊಂಡ. ಬಟ್ಟೆ ಒಗೆಯುವ ಲಾಂಡ್ರಿಯಿಂದ ಆಗ ತಾನೆ ಬಂದಿದ್ದ ಅಮ್ಮ “ಏನೂ ಬೇಡ” ಎಂದಳು. “ಎಲ್ರೂ ಕೈ ಎತ್ತಿದಾರೆ ಅಮ್ಮಾ!” ಎಂದಳು ಚಿನಕುರುಳಿ. ಮಾರನೇ ದಿನ ನಾನು ರಿಜಿಸ್ಟರ್ ತಿರುವಿ ಹಾಕಿದೆ. ಇವಳಿಗಿಂತ ಮುಂಚೆ ಐದು ಜನ ಕೂಗಿದ್ದರು. ಐದೂ ಜನ ಅಲ್ಲಿದ್ದರು, ದುಂಡನೆಯ ಸುತ್ತಿನೊಳಗೆ.

ಅದೇ ಬುಧವಾರ ಎರಡು ಕಾಗದ ಬಂದವು. ಒಂದು ಎದುರುಮನೆ ಅಜ್ಜಿಗೆ. ನಮ್ಮ ಮುಂದೆ ಒಂದು ಸಿಗ್ನಲ್ ಹಾಕಿಸಿ ಎಂದು ವರ್ಷದ ಹಿಂದೆ ಕೊಟ್ಟ ಅರ್ಜಿಯಲ್ಲಿ ಮೊದಲ ಹೆಬ್ಬೆಟ್ಟು ಅಜ್ಜಿಯದು. ಗಲ್ಲಿಯ ಕಾಗದಗಳನ್ನೆಲ್ಲ ಓದಿ ಹೇಳುವುದು ನಾನೇ ಆದ್ದರಿಂದ, ನೀರಿನ ತೊಟ್ಟಿಯ ಮುಂದೆ ಗಂಟಲು ಸರಿಮಾಡಿಕೊಂಡು ಓದಿದೆ: ಸದರಿ ಭಾಗದಲ್ಲಿ ಕಳೆದ ಎರಡು ವರ್ಷಗಳಲ್ಲಿ ಒಂದೇ ಒಂದು ಅಪಘಾತವೂ ದಾಖಲಾಗಿಲ್ಲದ ಕಾರಣ ಸಿಗ್ನಲ್‌ನ ಅಗತ್ಯ ಕಂಡುಬರುವುದಿಲ್ಲ.

“ಒಂದೇ ಒಂದೂ ಇಲ್ವಾ?” ಅಜ್ಜಿ ಸೊಂಟಕ್ಕೆ ಕೈ ಕೊಟ್ಟಳು. “ಯಾವನವನು ದಾಖಲೆ ಬರೆಯೋನು? ಕರ್ಕೊಂಬನ್ನಿ ಇಲ್ಲಿ, ಕಿವಿ ಹಿಂಡ್ತೀನಿ!”

ನನ್ನ ಕಿವಿ ಆಗಲೇ ಬಿಸಿಯಾಗಿತ್ತು.

ಎರಡನೆಯದು ಆಸ್ಪತ್ರೆಗೆ ಬಂದದ್ದು, ಹೊಳೆಯುವ ದಪ್ಪ ಕಾಗದ. ಇಡೀ ನಗರದಲ್ಲಿ ಮೆಟ್ಟಿಲಿನಿಂದ ಬೀಳುವವರು ಅತಿ ಹೆಚ್ಚು ಇರುವ ಪ್ರದೇಶವೆಂದು ನಮ್ಮ ಗಲ್ಲಿಯನ್ನು ಗುರುತಿಸಲಾಗಿದೆ. ಮೆಟ್ಟಿಲು ಸುರಕ್ಷತಾ ಯೋಜನೆಯ ಅಡಿಯಲ್ಲಿ ನಲವತ್ತೆಂಟು ಕಬ್ಬಿಣದ ರೇಲಿಂಗ್ ಮಂಜೂರಾಗಿವೆ. ಮುಂದಿನ ವಾರದ ಗುರುವಾರ ಅಧಿಕಾರಿಗಳು ಬಂದು ಮೆಟ್ಟಿಲುಗಳನ್ನು ಪರಿಶೀಲಿಸುತ್ತಾರೆ. ರಿಜಿಸ್ಟರ್ ಬರೆದವರು ಹಾಜರಿರತಕ್ಕದ್ದು.

ತೊಟ್ಟಿಯ ಮುಂದೆಯೇ ಎಲ್ಲ ಒಪ್ಪಿಕೊಂಡೆ. ಹೇಳಿ ಮುಗಿಸಿದಾಗ ನಲ್ಲಿಯ ಕೆಳಗೆ ಕೊಡ ತುಂಬಿ ಚೆಲ್ಲುತ್ತಿತ್ತು, ಯಾರೂ ತೆಗೆಯಲಿಲ್ಲ. ಬೈಗುಳಕ್ಕೆ ಕಾದು ತಲೆ ತಗ್ಗಿಸಿದೆ. ಆಗ ಅಜ್ಜಿ ನಗಲು ಶುರು ಮಾಡಿದಳು. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ. “ಅಲ್ವೇ, ನಾನೂ ನಿಂಗೆ ಮೆಟ್ಟಿಲು ಅಂತ್ಲೇ ಹೇಳಿದ್ದಲ್ವೇ! ಮೊಣಕೈ ಮುರ್ದಾಗ!” ಎಂದು ತೊಡೆ ತಟ್ಟಿಕೊಂಡಳು. ಒಬ್ಬರಿಂದ ಒಬ್ಬರಿಗೆ ನಗು ಹತ್ತಿಕೊಂಡಿತು. ‘ನಾನೂ’, ‘ನನ್ನ ಮಗನೂ’, ‘ನಂದು ಎರಡು ಸಲ!’ ಹೊಟ್ಟೆ ಹುಣ್ಣಾಗುವಂತೆ ನಕ್ಕು ಸುಸ್ತಾದ ಮೇಲೆ ಎಲ್ಲರಿಗೂ ಒಟ್ಟಿಗೆ ಹೊಳೆಯಿತು, ಮೆಟ್ಟಿಲು ತೋರಿಸದಿದ್ದರೆ ನನ್ನ ಕೆಲಸ ಹೋಗುತ್ತದೆ.

“ಬಾಯಿ ಬಿಟ್ರೆ ನೋಡು” ಎಂದಳು ಅಮ್ಮ. “ನಮ್ಮನೇಲಿ ತಿಂಗ್ಳು ತಿಂಗ್ಳು ಸಂಬ್ಳ ಬರೋದು ನಿಂದೊಂದೇ.”

ಸೋದರಮಾವ ಬೀಡಿ ಆರಿಸಿ ಎದ್ದ. ಅವನು ಗಾರೆ ಕೆಲಸದವನು. “ಮೆಟ್ಟಿಲು ತಾನೇ ಬೇಕಾಗಿರೋದು? ಭಾನುವಾರ ಕಟ್ಟಿದ್ರಾಯ್ತು.”

“ಎಲ್ಲಿಗೆ ಹೋಗುತ್ತೆ ಮಾವ ಅದು?”

“ಮೇಲಕ್ಕೆ ಹೋಗುತ್ತೆ. ಮೆಟ್ಟಿಲು ಇನ್ನೆಲ್ಲಿಗೆ ಹೋಗುತ್ತೆ?”

ಭಾನುವಾರದ ಸಂಭ್ರಮವನ್ನು ಹೇಗೆ ಹೇಳಲಿ! ಮನೆಗೆ ಎರಡರಂತೆ ಇಟ್ಟಿಗೆ ಬಂದವು. ಒಲೆಯ ಕಲ್ಲು ಬಂತು, ಯಾರದೋ ಮಂಚದ ಕಾಲಿಗೆ ಕೊಟ್ಟಿದ್ದ ಇಟ್ಟಿಗೆಯೂ ಬಂದು ಆ ಮಂಚ ಇವತ್ತಿಗೂ ಓರೆಯಾಗಿಯೇ ಇದೆ. ತೊಟ್ಟಿಯ ಗೋಡೆಗೆ ಆನಿಸಿ ಕೆಲಸ ಶುರುವಾಯಿತು. ಮಾವ ಗೋಡೆಯಾದರೆ ಕಣ್ಣು ಕಟ್ಟಿದರೂ ಎಬ್ಬಿಸುತ್ತಾನೆ, ಮೆಟ್ಟಿಲು ಮಾತ್ರ ಜನ್ಮದಲ್ಲಿ ಕಟ್ಟಿದವನಲ್ಲ. ಆದರೆ ಅವತ್ತು ಅವನಿಗೆ ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ಮೆಟ್ಟಿಲು ಪಾದದಷ್ಟು, ಮುಂದಿನದು ಮೊಣಕಾಲಿನಷ್ಟು. ಹನ್ನೊಂದು ಮೆಟ್ಟಿಲು ಹತ್ತಿದರೆ ತೊಟ್ಟಿಯ ಮುಚ್ಚಳ, ಅದರಾಚೆ ಆಕಾಶ. ಸಿಮೆಂಟು ಒಣಗುವ ಮೊದಲೇ ಗಲ್ಲಿಯ ಮಕ್ಕಳೆಲ್ಲ ಅದರ ಮೇಲಿದ್ದರು. ಹುಟ್ಟಿದಾಗಿನಿಂದ ಮನೆ ಪಕ್ಕ ಮೆಟ್ಟಿಲು ಕಾಣದವರು, ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಕಿಟಕಿಯಲ್ಲಿ ಮೂರು ಮಕ್ಕಳು, ಮೂರಕ್ಕೂ ತರಚು ಗಾಯ.

“ಎಲ್ಲಿ ಬಿದ್ರಿ?”

“ಮೆಟ್ಟಿಲಲ್ಲಿ ಅಕ್ಕಾ! ನಿಜವಾಗ್ಲೂ!”

ಎರಡು ವರ್ಷದಲ್ಲಿ ಮೊದಲ ಬಾರಿಗೆ ಸತ್ಯವಂತಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಮೂರು ಸುತ್ತು ಹಾಕಿದೆ.

ಈ ಗದ್ದಲದ ನಡುವೆ ಚಿನಕುರುಳಿ ದಿನವೂ ಡಿವೈಡರ್ ಹತ್ತುತ್ತಿದ್ದಳು. ಆಸ್ಪತ್ರೆಯ ಮೇಜಿನ ತನಕ ಅವಳ ಕೂಗು ಕೇಳುತ್ತಿತ್ತು. ಶಾಲೆ ಬಿಟ್ಟ ಹೊತ್ತಿಗೆ ನಾಲ್ಕು ‘ಈಗ!’ ಕೇಳಿದ ಮೇಲೆ ನಾನು ಪೆನ್ನು ಕೆಳಗಿಟ್ಟು ಕಾಯುತ್ತಿದ್ದೆ, ಕೊನೆಯ ಓಟಕ್ಕೆ ಸದ್ದಿರುವುದಿಲ್ಲವಲ್ಲ. ಅವಳು ಕಿಟಕಿಯ ಮುಂದೆ ಹಾದು ನಾಲಿಗೆ ಚಾಚಿ ಅಣಕಿಸಿದ ಮೇಲೆಯೇ ಮತ್ತೆ ಪೆನ್ನು ಎತ್ತುತ್ತಿದ್ದೆ.

ಗುರುವಾರ ಬಂತು. ಬೆಳಿಗ್ಗೆಯೇ ಒಂದು ಲಾರಿ ನಲವತ್ತೆಂಟು ರೇಲಿಂಗ್‌ಗಳನ್ನು ಇಳಿಸಿ ಹೋಯಿತು, ಹಳದಿ ಕಪ್ಪು ಬಣ್ಣದವು, ಒಂದೊಂದೂ ಎರಡಾಳುದ್ದ. ಮಧ್ಯಾಹ್ನ ಮೂರಕ್ಕೆ ಮೆಟ್ಟಿಲು ಸಾಹೇಬರು ಬಂದರು. ಬೋಳು ತಲೆ, ಕಂಕುಳಲ್ಲಿ ಫೈಲು, ಸೊಂಟದಲ್ಲಿ ಅಳತೆ ಟೇಪು. ನಾನು ಹುಲಿಯಂಥ ಅಧಿಕಾರಿ ಬರುತ್ತಾರೆಂದು ಹೆದರಿದ್ದೆ. ಇವರೋ ಮೆಟ್ಟಿಲೆಂದರೆ ಪ್ರಾಣ ಬಿಡುವ ಮನುಷ್ಯ. ಮಾವನ ಕೃತಿಯನ್ನು ಕಂಡದ್ದೇ ತಡ, ಮಂಡಿಯೂರಿ ಅಳೆಯತೊಡಗಿದರು.

“ಐದೂವರೆ ಇಂಚು... ಒಂಬತ್ತು... ಏಳು... ಹನ್ನೊಂದು! ಅಯ್ಯೋ, ಹನ್ನೊಂದು! ಮೂವತ್ತು ವರ್ಷದ ಸರ್ವೀಸಲ್ಲಿ ಇಂಥ ಮೆಟ್ಟಿಲು ನೋಡಿಲ್ಲ ನಾನು. ಇದರ ಮೇಲೆ ಜನ ಬೀಳದೆ ಇರ್ತಾರಾ?” ಅವರ ಕಣ್ಣಲ್ಲಿ ನೀರು ತುಂಬುವುದೊಂದು ಬಾಕಿ. “ಕಟ್ಟಿದೋರು ಯಾರು?”

ಮಾವ ತೊಟ್ಟಿಯ ಹಿಂದೆ ಸರಿದುಕೊಂಡ.

“ಹಳೇ ಕಾಲದ್ದು ಸ್ವಾಮಿ” ಎಂದಳು ಅಜ್ಜಿ. ಯಾರೂ ಕರೆಯದೆಯೇ ಮುಂದೆ ಬಂದಿದ್ದಳು. “ನಾನೇ ಬಿದ್ದಿದೀನಿ. ಕೈಲಿ ತುಂಬಿದ ಬಿಂದಿಗೆ. ಇಪ್ಪತ್ತನೇ ಮೆಟ್ಟಿಲಿಂದ ಬಿದ್ದೋಳು ಉರುಳ್ಕೊಂಡು ಉರುಳ್ಕೊಂಡು...”

“ಇರೋದೇ ಹನ್ನೊಂದಲ್ಲ ಅಜ್ಜಿ?”

“ಆಗ ಇಪ್ಪತ್ತಿತ್ತಪ್ಪಾ. ಓಡಾಡಿ ಓಡಾಡಿ ಸವೆದ್ಹೋಗಿದೆ.”

ಸಾಹೇಬರು ಅದನ್ನೂ ಬರೆದುಕೊಂಡರು. ನಾನು ತುಟಿ ಕಚ್ಚಿ ನಗು ತಡೆದುಕೊಂಡೆ, ಹಿಂದೆ ನಿಂತ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸಾಹೇಬರು ಒಂದೊಂದೇ ಮೆಟ್ಟಿಲು ಅಳೆಯುತ್ತ ತುದಿಗೆ ಹೋಗಿ, ಅಲ್ಲಿಂದಲೇ ಫೈಲು ಕೆಳಗೆ ಚಾಚಿದರು. “ಬಾಮ್ಮಾ, ಈ ನೂರಾ ಹನ್ನೆರಡೂ ಮೆಟ್ಟಿಲಿನವು ಅಂತ ಇಲ್ಲೊಂದು ಸಹಿ ಹಾಕು. ನಾಳೆಯಿಂದ ರೇಲಿಂಗ್ ಹಾಕೋಕೆ ಶುರು ಮಾಡ್ತೀವಿ. ನೀನು ಇಷ್ಟು ನೀಟಾಗಿ ಬರೀದೆ ಇದ್ದಿದ್ರೆ ಇದು ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ. ನಿನ್ನ ಹೆಸರು ಮೇಲಕ್ಕೆ ಬರೀತೀನಿ.”

ಗೆದ್ದೆವು! ಅಮ್ಮ ಕೆಳಗಿಂದ ಕಣ್ಣಲ್ಲೇ ‘ಹಾಕು’ ಎಂದಳು. ನಾನು ಹನ್ನೊಂದು ಇಂಚಿನ ಮೆಟ್ಟಿಲು ದಾಟಿ ಮೇಲೇರಿ ಪೆನ್ನು ತೆರೆದೆ. ಗಂಟೆ ನಾಲ್ಕೂವರೆ.

“ಈಗ!”

ಸಾಹೇಬರು ಬೆಚ್ಚಿ ತಿರುಗಿದರು. “ಅದೇನಮ್ಮಾ ಅದು?”

ಅಲ್ಲಿಂದ ತಗಡಿನ ಸೂರುಗಳಾಚೆಯ ರಸ್ತೆ ಅಂಗೈ ಮೇಲಿಟ್ಟ ಹಾಗೆ ಕಾಣುತ್ತಿತ್ತು. ಎಂಟು ಮಕ್ಕಳು ಕೈ ಹಿಡಿದು ಓಡಿಬಂದರು, ಅವರ ಬೆನ್ನ ಹಿಂದೆಯೇ ಟ್ಯಾಂಕರ್ ಒಂದು ಹಾರ್ನ್ ಹೊಡೆಯುತ್ತ ಹೋಯಿತು. ಮತ್ತೆ ಕೂಗು, ಮತ್ತೆ ಎಂಟು. ಸಾಹೇಬರ ಕೈಯಿಂದ ಟೇಪು ಜಾರಿತು. ನಾಲ್ಕನೇ ಗುಂಪೂ ದಾಟಿತು. ಡಿವೈಡರ್ ಮೇಲೆ ನೀಲಿ ಲಂಗದ ಒಂದು ಚಿಕ್ಕ ಆಕಾರ ಉಳಿಯಿತು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಒಂದು ಹೆಜ್ಜೆ ಇಳಿಯಿತು, ಮತ್ತೆ ಹಿಂದಕ್ಕೆ ಹಾರಿತು. ದಿನವೂ ಕಿವಿಯಲ್ಲಿ ಮಾತ್ರ ಕೇಳುತ್ತಿದ್ದದ್ದನ್ನು ಅವತ್ತು ಕಣ್ಣಲ್ಲಿ ಕಂಡೆ.

“ಆ ಮಗು ಯಾಕಲ್ಲಿ ಒಂದೇ ನಿಂತಿದೆ? ಯಾರಾದ್ರೂ ಹೇಳ್ರೀ ಅದಕ್ಕೆ!” ಸಾಹೇಬರು ಫೈಲನ್ನೇ ರಸ್ತೆಯತ್ತ ಬೀಸಿದರು.

ಚಿನಕುರುಳಿ ಹಾರಿದಳು. ಕಾರೊಂದು ಬ್ರೇಕ್ ಕಿರುಚಿಸಿತು. ಮರುಕ್ಷಣ ಅವಳು ಈಚೆ ಬದಿಯಲ್ಲಿ ನಿಂತು, ನಮ್ಮನ್ನು ತೊಟ್ಟಿಯ ಮೇಲೆ ಕಂಡು, ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು.

“ಅವಳು ನನ್ನ ತಂಗಿ ಸರ್” ಎಂದೆ. ಬಾಯಿ ಅಲ್ಲಿಗೆ ನಿಲ್ಲಲಿಲ್ಲ. “ಮೆಟ್ಟಿಲಿಂದ ಯಾರೂ ಬಿದ್ದಿಲ್ಲ. ಎಲ್ರೂ ಬಿದ್ದಿದ್ದು ಅಲ್ಲಿ, ಅವಳು ನಿಂತಿದ್ದಳಲ್ಲ ಅಲ್ಲೇ. ಬೇಗ ಪಟ್ಟಿ ಕಟ್ಟಲಿ ಅಂತ ನಾನೇ ಮೆಟ್ಟಿಲು ಅಂತ ಬರೆದೆ. ಈ ಮೆಟ್ಟಿಲು ಭಾನುವಾರ ಕಟ್ಟಿದ್ದು.”

ಪಾಪ, ಅವರ ಮುಖ ನೋಡಬೇಕಿತ್ತು. “ಒಬ್ರೂ ಬಿದ್ದಿಲ್ವಾ?”

“ಮೂರು ಜನ ಬಿದ್ದಿದಾರೆ ಸರ್. ಈ ಸೋಮವಾರ ಬಂದೋರು.”

ಅವರು ಹನ್ನೊಂದನೇ ಮೆಟ್ಟಿಲ ಮೇಲೆ ಕೂತುಬಿಟ್ಟರು. “ನಿನ್ನ ಕೆಲಸ ಹೋಗುತ್ತಮ್ಮಾ.”

“ಗೊತ್ತು ಸರ್.”

“ಅದೂ ಅಲ್ದೆ ರಸ್ತೆ ನನ್ನ ಟೇಬಲ್ ಅಲ್ಲ. ಅದು ಪಕ್ಕದ ಟೇಬಲ್.”

ಆಗ ಅಮ್ಮ ಮೆಟ್ಟಿಲು ಹತ್ತತೊಡಗಿದಳು. ನನಗೆ ಬೈಯಲು ಬರುತ್ತಿದ್ದಾಳೆ ಎಂದುಕೊಂಡೆ. ಅವಳು ನನ್ನನ್ನು ನೋಡಲೇ ಇಲ್ಲ. ಸೋಪಿನ ನೀರಲ್ಲಿ ಬಿಳಿಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಾಹೇಬರ ಮುಂದೆ ನಿಂತಳು. “ನನ್ ಮಗಂದು ಬರ್ಕೊಳ್ಳಿ ಸ್ವಾಮಿ. ಬಲಗಾಲು, ಎರಡು ಕಡೆ. ಆಗ ಅವನಿಗೆ ಹದಿನೈದು. ರಸ್ತೇಲಿ. ಯಾವ ಟೇಬಲ್ಲಾದ್ರೂ ಸರಿ, ಬರ್ಕೊಳ್ಳಿ.”

ಆಮೇಲೆ ಶುರುವಾಯಿತು ನೋಡಿ. ಮಾವನ ಮೆಟ್ಟಿಲು ಅವತ್ತು ನಿಜವಾಗಿ ಕೆಲಸಕ್ಕೆ ಬಂತು, ಜನ ಅದರ ಮೇಲೇ ಸಾಲು ನಿಂತರು. ತಲೆ, ಭುಜ, ಪಕ್ಕೆಲುಬು, ಹಲ್ಲು. ಕೂಗಿದ್ದವರು ಐದೂ ಜನ ಬಂದರು. ಹುಡುಗರು ಯಾರ ಗಾಯದ ಗುರುತು ಉದ್ದ ಎಂದು ಅಲ್ಲೇ ಪಂದ್ಯ ಕಟ್ಟಿದರು. ಬಿಂದಿಗೆಯ ಕಥೆಯನ್ನು ಅಷ್ಟು ಬಣ್ಣ ಕಟ್ಟಿ ಹೇಳಿದ್ದ ಅಜ್ಜಿಗೆ ಮಾತ್ರ ಬೇಜಾರು. “ರಸ್ತೆ ಅಂದ್ರೆ ಒಂದೇ ಸಾಲಲ್ಲಿ ಮುಗಿದೋಯ್ತಲ್ಲ!” ಎಂದು ಮೂಗು ಮುರಿದಳು. ಸಾಹೇಬರು ಫೈಲಿನಿಂದ ಒಂದು ನಕ್ಷೆ ತೆಗೆದು, ಒಬ್ಬೊಬ್ಬರನ್ನೂ “ಎಲ್ಲಿ, ಸರಿಯಾಗಿ ತೋರಿಸಿ” ಎಂದು ಕೇಳಿ ಕೆಂಪು ಪೆನ್ಸಿಲ್‌ನಲ್ಲಿ ಚುಕ್ಕೆ ಇಡುತ್ತ ಹೋದರು. ಎಲ್ಲರೂ ತೋರಿಸಿದ್ದು ಒಂದೇ ಜಾಗ. ಎಪ್ಪತ್ತನೆಯವರೋ ಏನೋ ಬರುವ ಹೊತ್ತಿಗೆ ಅಲ್ಲಿ ಕಾಗದವೇ ತೂತಾಯಿತು. ಸಾಹೇಬರು ಪೆನ್ಸಿಲ್ ಎತ್ತಿ ಆ ತೂತನ್ನೇ ನೋಡುತ್ತ ಕೂತರು.

ಬಿಸಿಲು ಇಳಿಯುವ ಹೊತ್ತಿಗೆ ಅವರು ಹೊರಟರು. ಅವರ ಬಸ್ಸು ನಿಲ್ಲುವುದು ಆಚೆ ಬದಿಯಲ್ಲಿ. ಅಂಚಿನಲ್ಲಿ ನಿಂತು ಒಂದು ಕಾಲು ಮುಂದಿಟ್ಟರು, ಹಿಂದಿಟ್ಟರು. ಹತ್ತು ನಿಮಿಷ ಇದೇ ಕುಣಿತ. ಕೊನೆಗೆ ಚಿನಕುರುಳಿ ಹೋಗಿ “ಬನ್ನಿ ಅಂಕಲ್” ಎಂದು ಕೈ ಹಿಡಿದಳು. ಅವಳು ಕೂಗಿದ ಕೂಡಲೇ ಆ ಬೋಳು ತಲೆ, ಆ ಫೈಲು, ಆ ಬೂಟು, ಎಲ್ಲವೂ ಒಟ್ಟಿಗೆ ಓಡಿದ್ದನ್ನು ನೋಡಿ ಇಡೀ ಗಲ್ಲಿ ಸಿಳ್ಳೆ ಹೊಡೆಯಿತು. ಆಚೆ ಬದಿ ಸೇರಿದ ಮೇಲೂ ಅವರು ಅವಳ ಕೈ ಬಿಡಲಿಲ್ಲವಂತೆ. “ದಿನಕ್ಕೆ ಎಷ್ಟು ಸಲ ಮರಿ ಹೀಗೆ?” ಎಂದು ಕೇಳಿದರಂತೆ. ಇವಳು ಬೆರಳು ಮಡಚಿ ಲೆಕ್ಕ ಹಾಕುವಷ್ಟರಲ್ಲಿ ಅವರೇ “ಬೇಡ, ಹೇಳ್ಬೇಡ” ಎಂದರಂತೆ.

ನನ್ನ ಕೆಲಸ ಒಂಬತ್ತನೇ ದಿನ ಹೋಯಿತು. ಆದೇಶ ಕೊಡುವಾಗ ಡಾಕ್ಟರಮ್ಮ ಮೊದಲ ಬಾರಿಗೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ನಾನು ರಟ್ಟನ್ನು ಕುರ್ಚಿಯ ಕಾಲಿಗೆ ಸರಿಯಾಗಿ ಸಿಕ್ಕಿಸಿಟ್ಟು, ಮುಂದೆ ಬರುವವರಿಗೆ ತೊಂದರೆಯಾಗದಿರಲಿ ಎಂದುಕೊಂಡು ಬಂದೆ. ಹೊರಗೆ ಬಂದ ಮೇಲೆ ಗೋಡೆಗೆ ಮುಖ ಮಾಡಿ ಚೆನ್ನಾಗಿ ಅತ್ತೆ, ಸುಳ್ಳು ಯಾಕೆ ಹೇಳಲಿ. ಈಗ ಮಾವನ ಜೊತೆ ಕೆಲಸದ ಜಾಗದಲ್ಲಿ ಸಾಮಾನಿನ ಪಟ್ಟಿ ಬರೆಯುತ್ತೇನೆ. ಅವನಿಗೆ ಮೆಟ್ಟಿಲಿನ ಕೆಲಸ ಬಂದರೆ ಬೇಡವೆನ್ನುವುದೂ ನನ್ನದೇ ಜವಾಬ್ದಾರಿ.

ರೇಲಿಂಗ್‌ಗಳನ್ನು ವಾಪಸ್ ಒಯ್ಯಲು ಯಾರೂ ಬರಲಿಲ್ಲ. ಪಕ್ಕದ ಟೇಬಲ್‌ನವರು ಏಳುವ ತನಕ ಕೈ ಕಟ್ಟಿ ಕೂರುವುದು ಬೇಡವೆಂದು ಅಜ್ಜಿ ಒಂದು ಉಪಾಯ ಹೂಡಿದಳು. ಶಾಲೆಗೆ ಹೋಗುವ, ಬರುವ ಹೊತ್ತಿಗೆ ಗಲ್ಲಿಯ ದೊಡ್ಡವರೆಲ್ಲ ಹಳದಿ ಕಪ್ಪು ಕಂಬಿಗಳನ್ನು ಅಡ್ಡಡ್ಡ ಹಿಡಿದು ರಸ್ತೆಗಿಳಿದರು. ಎಪ್ಪತ್ತು ದಾಟಿದ ಮುದುಕಿ ಕಂಬಿ ಹಿಡಿದು “ಬಾರೋ, ಅದ್ಹೇಗೆ ಬರ್ತೀಯೋ ನೋಡ್ತೀನಿ” ಎಂದು ನಿಂತರೆ ಯಾವ ಲಾರಿ ತಾನೇ ಮುಂದೆ ಹೋದೀತು? ಅತ್ತ ಗೇಟಿನ ಬಡಾವಣೆಯ ತನಕ ವಾಹನಗಳು ಸಾಲುಗಟ್ಟಿದವು. ಅಲ್ಲಿಂದ ದೂರಿನ ಮೇಲೆ ದೂರು ಹೋಯಿತು. ಇಷ್ಟು ವರ್ಷ ನಮ್ಮ ಮೂಳೆ ಮುರಿದದ್ದು ಕೇಳಿಸದ ಕಿವಿಗೆ ಅವರ ಹಾರ್ನ್ ಕೇಳಿಸಿತು. ಮೂರನೇ ವಾರ ಪಕ್ಕದ ಟೇಬಲ್ ಎದ್ದು ಗಲ್ಲಿಗೇ ಬಂತು. ಹಿಂದೆಯೇ ನಮ್ಮ ಮೆಟ್ಟಿಲು ಸಾಹೇಬರು, ತೂತು ಬಿದ್ದ ನಕ್ಷೆಯನ್ನು ಎಲ್ಲರಿಗೂ ತೋರಿಸುತ್ತ.

ಸಿಗ್ನಲ್ ಹೊತ್ತಿದ್ದು ಒಂದು ಸೋಮವಾರ ಬೆಳಿಗ್ಗೆ. ನಾವು ದೊಡ್ಡವರೆಲ್ಲ, ಸಾಹೇಬರೂ ಸೇರಿ, ನೋಡಲೆಂದು ಮೊದಲೇ ಆಚೆ ಬದಿಗೆ ಹೋಗಿ ನಿಂತಿದ್ದೆವು. ಈಚೆಯಿಂದ ಮಕ್ಕಳು ಬರಬೇಕು. ವಾಹನಗಳಿಗೆ ಕೆಂಪು ಬಿತ್ತು. ಲಾರಿ, ಬಸ್ಸು, ಟ್ಯಾಂಕರ್, ಎಲ್ಲವೂ ಬಿಳಿ ಗೆರೆಯ ಹಿಂದೆ ನಿಂತವು. ಮಕ್ಕಳಿಗೆ ಹಸಿರು ಬಿತ್ತು. ಯಾರೂ ಕಾಲು ತೆಗೆಯಲಿಲ್ಲ. ಎದುರಿನ ಲಾರಿಗಳನ್ನು ನೋಡುತ್ತ ಕೈ ಕೈ ಹಿಡಿದು ಹಾಗೇ ನಿಂತರು. ಹಸಿರು ಹೋಗಿ ಮತ್ತೆ ಬಂತು. ಈ ಸಲ ಹಿಂದಿನವರು ತಳ್ಳಿದ್ದಕ್ಕೆ ಹೊರಟರು, ಆದರೆ ಎಂದಿನಂತೆ ತಲೆ ತಗ್ಗಿಸಿ ಒಂದೇ ಓಟ. ಸಾಹೇಬರು “ಓಡ್ಬೇಡ್ರೋ, ನಿಧಾನ, ನಿಂತಿದಾವೆ ಎಲ್ಲ!” ಎಂದು ಕೂಗುತ್ತಲೇ ಇದ್ದರು. ಎರಡನೇ ಗುಂಪೂ ಓಡಿತು, ಮೂರನೆಯದೂ ಓಡಿತು. ಆ ರಸ್ತೆಯನ್ನು ನಡೆದು ದಾಟುವುದು ಹೇಗೆಂದು ನಮ್ಮ ಮಕ್ಕಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಕೊನೆಗೆ ಚಿನಕುರುಳಿ ಉಳಿದಳು. ಹಸಿರು ಬಿದ್ದಾಗ ಮೊದಲ ಹೆಜ್ಜೆ ಇಟ್ಟು ನಿಂತಳು. ಇನ್ನೊಂದು ಹೆಜ್ಜೆ ಇಟ್ಟಳು. ಓಡಿಬಿಡುತ್ತಾಳೆ ಎಂದುಕೊಂಡೆ, ಓಡಲಿಲ್ಲ. ಆಗ ತಾನೆ ನಡೆಯಲು ಕಲಿತ ಮಗುವಿನ ಹಾಗೆ ಒಂದೊಂದೇ ಕಾಲು ಎತ್ತಿಡುತ್ತ, ಎಡಗಡೆ ನಿಂತ ಲಾರಿಗಳನ್ನು ನೋಡುತ್ತ, ಕೆಳಗಿನ ಬಿಳಿ ಪಟ್ಟೆಗಳನ್ನು ನೋಡುತ್ತ ಬಂದಳು. ಒಬ್ಬ ಡ್ರೈವರ್ ಕೈ ಬೀಸಿದ, ಇವಳೂ ಬೀಸಿದಳು. ಯಾವತ್ತೂ ಸುಮ್ಮನಿರದ ಬಾಯಿ ಪೂರ್ತಿ ಮುಚ್ಚಿತ್ತು. ನನ್ನ ಪಕ್ಕ ಬಂದು ನಿಂತು, ತಿರುಗಿ, ಬಂದ ದಾರಿಯನ್ನು ಆ ತುದಿಯಿಂದ ಈ ತುದಿಯ ತನಕ ಕಣ್ಣಲ್ಲಿ ಅಳೆದಳು.

“ಇದು ಇಷ್ಟೊಂದು ಅಗಲ ಇದ್ಯಾ ಅಕ್ಕಾ?” ಎಂದಳು, ತೀರಾ ಮೆಲ್ಲಗೆ.

ನಾನು ಅವಳನ್ನು ಬಾಚಿ ತಬ್ಬಿಕೊಂಡೆ. ಶಾಲೆಗೆ ಹೊತ್ತಾಯಿತೆಂದು ಅವಳು ಕೊಸರಿಕೊಂಡರೂ ಬಿಡಲಿಲ್ಲ.